ಫೈರ್‌ವಾಲ್ ಆಫ್ ಮಾಡದೆ ಫೋಲ್ಡರ್ ಹಂಚಿಕೊಳ್ಳುವುದು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ಕಂಪ್ಯೂಟರ್ ಕೊಠಡಿಯಲ್ಲಿ ಎದುರಾಗಬಹುದಾದ ತೊಡಕೊಂದಿದೆ. ಒಂದು ಕಂಪ್ಯೂಟರಿನಲ್ಲಿ ಹಂಚಿಟ್ಟ ಪಾಠದ ಫೋಲ್ಡರ್ ಉಳಿದವುಗಳಲ್ಲಿ ತೆರೆಯುವುದಿಲ್ಲ. ಆಗ ಫೈರ್‌ವಾಲನ್ನೇ ಆಫ್ ಮಾಡುವುದು ಸುಲಭವೆನಿಸುತ್ತದೆ. ಆದರೆ ಅದು ಸರಿಯಲ್ಲ.

ವಿಂಡೋಸ್‌ನಲ್ಲಿ ಫೈಲ್ ಹಂಚಿಕೆ ನಡೆಯುವುದು 445ನೇ ಪೋರ್ಟ್ ಮೂಲಕ. ನೆಟ್‌ವರ್ಕನ್ನು 'ಪಬ್ಲಿಕ್' ಎಂದು ಗುರುತಿಸಿದ್ದರೆ, ಬೇರೆ ಕಂಪ್ಯೂಟರುಗಳಿಂದ ಬರುವ ಕೋರಿಕೆಯನ್ನು ಫೈರ್‌ವಾಲ್ ಸಾಮಾನ್ಯವಾಗಿ ಅಲ್ಲೇ ತಡೆಯುತ್ತದೆ. ಫೋಲ್ಡರ್ ಇರುವ ಕಂಪ್ಯೂಟರಿನಲ್ಲಿ ಶಾಲೆಯ ನೆಟ್‌ವರ್ಕನ್ನು 'ಪ್ರೈವೇಟ್' ಎಂದು ಬದಲಿಸಿ. ಬಳಿಕ ಫೈರ್‌ವಾಲಿನ ಅನುಮತಿ ಪಟ್ಟಿಯಲ್ಲಿ 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್' ಎದುರು ಪ್ರೈವೇಟ್ ಕಾಲಂನಲ್ಲಷ್ಟೇ ಗುರುತು ಹಾಕಿ. ವಿದ್ಯಾರ್ಥಿಗಳ ಖಾತೆಗೆ ಓದುವ ಅನುಮತಿ ಮಾತ್ರ ಸಾಕು.

ಇಷ್ಟು ಎಚ್ಚರಿಕೆಗೆ ಕಾರಣವಿದೆ. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಕುತಂತ್ರಾಂಶ ಜಗತ್ತಿನೆಲ್ಲೆಡೆ ಹರಡಿದ್ದು ಇದೇ ಪೋರ್ಟ್ ಮೂಲಕ. ಫೈಲುಗಳಿಗೆ ಬೀಗ ಜಡಿದು ಅದು ಹಣ ಕೇಳುತ್ತಿತ್ತು. ಶಾಲೆಯ ಕಂಪ್ಯೂಟರಿನಲ್ಲಿ ನಮ್ಮ ಪಾಠಯೋಜನೆಯ ಜೊತೆಗೆ ಮಕ್ಕಳ ಅಂಕಗಳೂ ಇರುತ್ತವೆ. ಆದ್ದರಿಂದ ವಿಂಡೋಸ್ ಅಪ್‌ಡೇಟ್ ತಪ್ಪಿಸಬಾರದು. ರೂಟರಿನಲ್ಲಿ ಈ ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆಯಲೇಬಾರದು. ಮನೆಯಿಂದ ಆ ಫೋಲ್ಡರ್ ಬೇಕಿದ್ದರೆ ವಿಪಿಎನ್ ಬಳಸಬೇಕು.