ಹೆಂಚಿನ ಕಾರ್ಖಾನೆಯ ನೆಲ: ಯಾರ ಪಾಲು, ಯಾರ ಮಾತು?

ಮಂಗಳೂರಿನ ನೇತ್ರಾವತಿ ತೀರದಲ್ಲಿ ತೆಂಗಿನ ತೋಟಗಳ ಮೇಲೆ ತಲೆಯೆತ್ತಿ ನಿಂತ ಹೊಗೆಗೊಳವೆಗಳು ಒಂದು ಕಾಲಕ್ಕೆ ಊರಿನ ಗುರುತಾಗಿದ್ದವು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದರು. ಅವರ ಬೆನ್ನಲ್ಲೇ ಊರಿನ ಮನೆತನಗಳೂ ಆ ಉದ್ಯಮಕ್ಕೆ ಕೈಹಾಕಿದವು. ಕಾಲಕ್ರಮದಲ್ಲಿ ಕಾಂಕ್ರೀಟಿನ ತಾರಸಿ ಬಂದಿತು. ಆವೆಮಣ್ಣೂ ಸೌದೆಯೂ ದುಬಾರಿಯಾದವು. ಒಂದೊಂದಾಗಿ ಹಲವು ಗೂಡುಗಳ ಬೆಂಕಿ ಆರಿತು. ಉಳಿದುದು ನೆಲ. ಹೆಂಚು ಒಣಗಿಸಲು ವಿಶಾಲವಾದ ಕೊಟ್ಟಿಗೆಗಳು ಬೇಕಾಗಿದ್ದುದರಿಂದ ಆ ನೆಲವೂ ವಿಶಾಲವಾದುದೇ. ಊರು ಬೆಳೆದು ಅದನ್ನು ಸುತ್ತುವರಿದ ಮೇಲೆ, ಅಲ್ಲಿ ಮನೆಗಳನ್ನು ಕಟ್ಟುವ ವಿಚಾರ ಹುಟ್ಟುವುದು ಸಹಜ.

ಅಂಥ ಒಂದು ಮನೆತನವನ್ನು ಕಲ್ಪಿಸಿಕೊಳ್ಳೋಣ. “ಅಪ್ಪ ಕಟ್ಟಿದ ಕಾರ್ಖಾನೆ, ನಾನಿರುವ ತನಕ ಬೀಳಬಾರದು,” ಎನ್ನುತ್ತಾನೆ ಅಣ್ಣ. “ಬೆಂಕಿಯಿಲ್ಲದ ಗೂಡಿಗೆ ಎಷ್ಟು ವರ್ಷ ಕಂದಾಯ ಕಟ್ಟುವುದು, ಅಣ್ಣಾ?” ಎಂಬುದು ತಮ್ಮನ ಪ್ರಶ್ನೆ. ಮದುವೆಯಾಗಿ ಮುಂಬಯಿ ಸೇರಿದ ತಂಗಿಯನ್ನು ಇಬ್ಬರೂ ಕೇಳಿಲ್ಲ.

ತೊಡಕು ಇರುವುದು ಅಲ್ಲಿಯೇ. ನೆಲವು ಪಾಲುದಾರಿಕೆಯ ಸಂಸ್ಥೆಯ ಆಸ್ತಿಯೋ ಅಥವಾ ಕುಟುಂಬದ್ದೋ ಎಂಬುದನ್ನು ಮೊದಲು ಕಾಗದಪತ್ರಗಳಿಂದ ತಿಳಿಯಬೇಕು. ಸಂಸ್ಥೆಯದಾದರೆ 1932ರ ಪಾಲುದಾರಿಕೆ ಕಾಯಿದೆಯಂತೆ ಲೆಕ್ಕ ತೀರಬೇಕು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತವಾದರೆ, 2005ರ ತಿದ್ದುಪಡಿಯಿಂದ ಮಗಳೂ ಮಗನಷ್ಟೇ ಹಕ್ಕುದಾರಳು; ಆ ಹಕ್ಕು ಹುಟ್ಟಿನಿಂದಲೇ ಬಂದುದೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಕ್ರಮಬದ್ಧವಾಗಿ ಪಾಲೋ ಮಾರಾಟವೋ ಆಗಿದ್ದರೆ ಆ ಮಾತು ಬೇರೆ. ಕ್ರೈಸ್ತ ಮನೆತನವಾದರೆ, ಉಯಿಲಿಲ್ಲದೆ ತಂದೆ ತೀರಿಕೊಂಡಾಗ 1925ರ ಉತ್ತರಾಧಿಕಾರ ಕಾಯಿದೆಯು ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವನ್ನೆಣಿಸುವುದಿಲ್ಲ. ತಂಗಿಯ ರುಜುವಿಲ್ಲದ ಕರಾರನ್ನು ನಂಬಿ ಯಾವ ಬ್ಯಾಂಕು ಸಾಲ ಕೊಟ್ಟೀತು?

ಮಾತು ಮುರಿದರೆ ನ್ಯಾಯಾಲಯವಿದೆ. 1893ರ ವಿಭಾಗ ಕಾಯಿದೆಯ ಪ್ರಕಾರ, ಆಸ್ತಿಯನ್ನು ತುಂಡುಮಾಡುವುದು ಉಚಿತವಲ್ಲವೆಂದು ಕಂಡಾಗ, ಅರ್ಧ ಅಥವಾ ಹೆಚ್ಚು ಪಾಲುಳ್ಳವರ ಕೋರಿಕೆಯ ಮೇಲೆ ನ್ಯಾಯಾಲಯ ಮಾರಾಟಕ್ಕೆ ಅಪ್ಪಣೆ ಕೊಡಬಹುದು. ಮಾರಲು ಒಪ್ಪದವರು ನ್ಯಾಯಾಲಯ ಕಟ್ಟಿದ ಬೆಲೆಗೆ ಆ ಪಾಲುಗಳನ್ನು ತಾವೇ ಕೊಳ್ಳುವ ಅವಕಾಶವೂ ಉಂಟು. ಆದರೆ ದಾವೆ ಮುಗಿಯುವಷ್ಟರಲ್ಲಿ ಕೊಟ್ಟಿಗೆಯ ಮಾಡೂ ಕುಸಿದಿರುತ್ತದೆ, ಒಡಹುಟ್ಟಿದವರ ಮಾತೂ ನಿಂತಿರುತ್ತದೆ.

ಮನೆಯವರೇ ಕೂತು ಮಾಡಿಕೊಳ್ಳುವ ಒಪ್ಪಂದಕ್ಕೆ ಬೇರೆ ದಾರಿಗಳಿವೆ. ಕಟ್ಟುವವನೊಡನೆ ಜಂಟಿ ಕರಾರಾದರೆ, ಹಣ ಬೇಕಾದವನು ಹಣವನ್ನೂ, ನೆಲವನ್ನು ಬಿಡಲಾರದವನು ಅದೇ ನೆಲದ ಮೇಲಿನ ಮನೆಗಳನ್ನೂ ಪಡೆಯಬಹುದು. ಕೈಗಾರಿಕೆಯ ನೆಲವನ್ನು ವಾಸಕ್ಕೆ ಬದಲಿಸಲು 1961ರ ನಗರ ಯೋಜನಾ ಕಾಯಿದೆಯಂತೆ ಅನುಮತಿ ಬೇಕು. ಭರತ ಇಳಿತವಿರುವ ನದಿಯ ದಡವಾದುದರಿಂದ ಕರಾವಳಿ ನಿಯಂತ್ರಣದ ಗೆರೆಯನ್ನೂ ನೋಡಬೇಕು. 2016ರ ಸ್ಥಿರಾಸ್ತಿ ಕಾಯಿದೆಯು ಮನೆ ಕೊಳ್ಳುವವರ ಹಣದಲ್ಲಿ ನೂರಕ್ಕೆ 70 ಪಾಲನ್ನು ಆ ಕಟ್ಟಡದ ಮತ್ತು ಅದರ ನೆಲದ ವೆಚ್ಚಕ್ಕೆಂದೇ ಪ್ರತ್ಯೇಕ ಖಾತೆಯಲ್ಲಿಡಬೇಕೆಂದು ವಿಧಿಸಿದೆ.

ಇನ್ನು ಅಣ್ಣನ ಹಟ. ಅದು ಬರಿಯ ಹಟವೆಂದು ತಳ್ಳಿಹಾಕುವ ಮುನ್ನ ಅವನ ಮಾತನ್ನು ಕೊನೆಯವರೆಗೆ ಕೇಳಬೇಕು. ಗೂಡಿನ ಮುಂದೆ ಬೆವರು ಸುರಿಸಿದ ಕೆಲಸಗಾರರಿಗೆ ಸಲ್ಲಬೇಕಾದ ಹಣ ಇನ್ನೂ ಸಂದಿಲ್ಲವೆಂಬುದೇ ಅವನ ಮನಸ್ಸಿನ ಮುಳ್ಳಾಗಿರಬಹುದು. ಆ ಮುಳ್ಳನ್ನು ತೆಗೆಯುವುದು ಸಾಧ್ಯ: ನೆಲದ ಮೊದಲ ಹಣ ಕೆಲಸಗಾರರ ಬಾಕಿಗೆ, ಆಮೇಲೆ ಪಾಲು ಎಂದು ಕರಾರಿನಲ್ಲಿಯೇ ಬರೆಯಬಹುದು. ಹಾಗೆ ಬರೆದ ದಿನ ಅಣ್ಣನ ಕೈ ತಾನಾಗಿ ಲೇಖನಿಯತ್ತ ಚಾಚೀತು.

ನಕ್ಷೆಯ ಮೊದಲ ಗೆರೆಯನ್ನು ಎಳೆಯುವುದಕ್ಕೆ ಮುಂಚೆ ಮುಂಬಯಿಗೊಂದು ಪತ್ರ ಹೋಗುವುದು ಲೇಸು.