‘ನಾಳೆ ಶಾಲೆಗೆ ರಜೆಯಂತೆ!’: ಯಾವ ಜಿಲ್ಲೆಗೆ, ಯಾವ ವರ್ಷದ್ದು?

ಕಾಸರಗೋಡು: ಎರಡು ದಿನ ಬಿಡದೆ ಮಳೆ ಸುರಿಯಿತೆಂದರೆ ಸಾಕು, ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮನೆಗಳ ಮೊಬೈಲಿಗೆ ರಾತ್ರಿ ಹೊತ್ತು ಒಂದೇ ಸುದ್ದಿ ಬಂದು ಬೀಳುತ್ತದೆ. ‘ನಾಳೆ ಎಲ್ಲ ಶಾಲೆಗಳಿಗೆ ರಜೆ’. ಜತೆಗೆ ಸಹಿ, ಮೊಹರು ಇರುವ ಆದೇಶದ ಚಿತ್ರ. ಮಕ್ಕಳಿಗೆ ಖುಷಿ, ಹೆತ್ತವರಿಗೆ ಗೊಂದಲ. ‘ಟೀಚರೇ, ನಾಳೆ ರಜೆ ಉಂಟಾ?’ ಎಂದು ಅಧ್ಯಾಪಕರಿಗೆ ಫೋನಿನ ಮೇಲೆ ಫೋನು.

ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಕೆಲವೊಮ್ಮೆ ಅದು ದಕ್ಷಿಣ ಕನ್ನಡ ಜಿಲ್ಲಾಧಿಕಾರಿಯ ಆದೇಶ. ತಲಪಾಡಿಯಿಂದ ಆಚೆಗೆ ಮಾತ್ರ ಅನ್ವಯ. ಮತ್ತೆ ಕೆಲವೊಮ್ಮೆ ಜಿಲ್ಲೆ ಕಾಸರಗೋಡೇ, ವರ್ಷ ಮಾತ್ರ ಹಳೆಯದು. ಆದೇಶ ಸುಳ್ಳಲ್ಲ, ಆದರೆ ಅದನ್ನು ನಂಬಿ ಮನೆಯಲ್ಲಿ ಕೂತವನ ಹಾಜರಿ ಹೋಯಿತು. ಬೇರೆ ಕಡೆಯ ಮಕ್ಕಳು ‘ಇದು ನಿಜವಾ?’ ಎಂದು ಕೇಳಿದರೆ ಸಾಕಾದೀತು. ಗಡಿನಾಡಿನ ಮಕ್ಕಳು ‘ಯಾರಿಗೆ?’ ಎಂದೂ ಕೇಳಬೇಕು.

ಇಂಥ ಪ್ರಶ್ನೆ ಕೇಳುವುದನ್ನು ಈಗ ಕೇರಳದ ಶಾಲೆಗಳಲ್ಲಿ ಪಾಠವಾಗಿಯೇ ಕಲಿಸಲಾಗುತ್ತಿದೆ. 2024ರಲ್ಲಿ ಬಂದ ಐದು ಮತ್ತು ಏಳನೇ ತರಗತಿಯ ಐಸಿಟಿ ಪಠ್ಯಪುಸ್ತಕಗಳಲ್ಲಿ ಸುಳ್ಳು ಸುದ್ದಿ ಪತ್ತೆಹಚ್ಚುವ ಭಾಗ ಸೇರಿಕೊಂಡಿದೆ. ಮಲಯಾಳ, ಇಂಗ್ಲಿಷ್, ತಮಿಳಿನ ಜತೆ ಕನ್ನಡದಲ್ಲೂ ಪುಸ್ತಕ ಉಂಟು.

ಕಣ್ಣೂರಿನಲ್ಲಿ ಹುಟ್ಟಿದ ಪಾಠ

ಇದರ ಬೇರು ಇರುವುದು ಪಕ್ಕದ ಕಣ್ಣೂರಿನಲ್ಲಿ. 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಡೆದಾಗ ಲಸಿಕೆಯ ವಿರುದ್ಧ ವಾಟ್ಸಪ್‌ನಲ್ಲಿ ಇಲ್ಲಸಲ್ಲದ ಸುದ್ದಿ ಹರಡಿತು. ಮಲಬಾರಿನ ಹಲವು ಹೆತ್ತವರು ಮಕ್ಕಳಿಗೆ ಚುಚ್ಚುಮದ್ದು ಕೊಡಿಸಲು ಹಿಂಜರಿದರು. ಮರುವರ್ಷ, ಅಂದಿನ ಕಣ್ಣೂರು ಜಿಲ್ಲಾಧಿಕಾರಿ ಮೀರ್ ಮಹಮ್ಮದ್ ಅಲಿ ಅವರು ಜಿಲ್ಲೆಯ 150ರಷ್ಟು ಸರಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನ ತರಗತಿ ಶುರು ಮಾಡಿಸಿದರು. ಕೈಗೆ ಬಂದ ಸಂದೇಶವನ್ನು ನಂಬುವ ಮೊದಲು, ದಾಟಿಸುವ ಮೊದಲು ಏನು ನೋಡಬೇಕು ಎಂಬುದೇ ಅಲ್ಲಿನ ಪಾಠ.

ರಾಜ್ಯದ ಶಾಲೆಗಳ ತಂತ್ರಜ್ಞಾನದ ಹೊಣೆ ಹೊತ್ತಿರುವ ‘ಕೈಟ್’ ಸಂಸ್ಥೆ 2022ರಲ್ಲಿ ಅದೇ ಹೆಸರಿನಲ್ಲಿ 5,920 ಶಾಲೆಗಳ 19.72 ಲಕ್ಷ ಮಕ್ಕಳಿಗೆ ತರಬೇತಿ ನಡೆಸಿತು. ಅದಾದ ಮೇಲೆ ವಿಷಯ ಪುಸ್ತಕಕ್ಕೂ ಬಂತು.

ಪುಸ್ತಕ ಕನ್ನಡದ್ದು, ಉತ್ತರ ಯಾವ ಭಾಷೆಯದ್ದು?

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ತರಗತಿಯಲ್ಲಿ ಈ ಪಾಠ ಪುಸ್ತಕದಷ್ಟು ಸಲೀಸಲ್ಲ. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೊಗಳುವ ಊರಿದು. ಸುಳ್ಳು ಸುದ್ದಿಗೂ ಇಲ್ಲಿ ಏಳು ಬಾಗಿಲು. ಕೇರಳ ಸರಕಾರದ ವಾರ್ತಾ ಇಲಾಖೆ 2020ರಲ್ಲಿ ಸುದ್ದಿ ಪರಿಶೀಲನೆಗೆಂದೇ ಒಂದು ವಿಭಾಗ ತೆರೆಯಿತು, ಆದರೆ ಅದರ ಮಾತು ಮಲಯಾಳದಲ್ಲಿ. ಮಂಗಳೂರಿನ ಕಡೆಯಿಂದ ಕನ್ನಡದಲ್ಲಿ ಬರುವ ಸುದ್ದಿಗೆ ಅಲ್ಲಿ ಉತ್ತರ ಹುಡುಕಿ ಪ್ರಯೋಜನವಿಲ್ಲ.

ಹುಡುಕಬೇಕಾದರೆ ಮೊದಲು ಟೈಪ್ ಮಾಡಲು ಬರಬೇಕಲ್ಲ. ಅಲ್ಲಿ ಗಡಿನಾಡಿನ ಮಕ್ಕಳಿಗೆ ಒಂದು ಅನುಕೂಲ ಉಂಟು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಭಾರತೀಯ ಭಾಷೆಗಳ ಅಕ್ಷರಗಳಿಗೆ ಹೆಚ್ಚುಕಡಿಮೆ ಒಂದೇ ಜಾಗ. ‘ಕೆ’ ಒತ್ತಿದರೆ ಕನ್ನಡದಲ್ಲೂ ‘ಕ’, ಮಲಯಾಳದಲ್ಲೂ ‘ಕ’. ‘ಎಚ್’ ಒತ್ತಿದರೆ ಎರಡರಲ್ಲೂ ‘ಪ’. ಒಮ್ಮೆ ಬೆರಳು ಪಳಗಿದರೆ, ಅದೇ ಸುದ್ದಿಯನ್ನು ಕನ್ನಡದಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ ಹುಡುಕಬಹುದು. ಒಂದೇ ಭಾಷೆ ಬಲ್ಲ ಮಕ್ಕಳಿಗೆ ಸಿಗದ ಸೌಕರ್ಯ ಇದು.

ಚಿತ್ರವಾದರೆ ಇನ್ನೂ ಸುಲಭ. ಅದನ್ನೇ ಗೂಗಲ್‌ಗೆ ಕೊಟ್ಟು ಹುಡುಕಿದರೆ ಮೊದಲು ಎಲ್ಲಿ ಬಂದಿತ್ತು ಎಂಬುದು ಅನೇಕ ಸಲ ಸಿಗುತ್ತದೆ. 2018ರ ಮಹಾಪ್ರಳಯದ ಚಿತ್ರಗಳು ಆಮೇಲಿನ ಮಳೆಗಾಲಗಳಲ್ಲಿ ಹೊಸ ಊರಿನ ಹೆಸರು ಹೊತ್ತು ಬಂದದ್ದುಂಟು.

ಕಷ್ಟ ಇರುವುದು ಧ್ವನಿ ಸಂದೇಶದಲ್ಲಿ. ತುಳುವಿನಲ್ಲೋ ಬ್ಯಾರಿಯಲ್ಲೋ ಯಾರೋ ಗಾಬರಿಯಿಂದ ಮಾತಾಡಿದ ಎರಡು ನಿಮಿಷದ ಧ್ವನಿಯನ್ನು ಯಾವ ಪರಿಶೀಲಕರೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೆಸರಿಲ್ಲ, ತಾರೀಕಿಲ್ಲ. ಆದರೆ ಮನೆಮಾತಿನಲ್ಲಿ ಬಂದದ್ದಕ್ಕೆ ನಂಬಿಕೆ ಹೆಚ್ಚು. ಅದರಲ್ಲಿರುವ ಊರು, ಘಟನೆ, ಇಲಾಖೆಯ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡು ಒಂದೊಂದಾಗಿ ವಿಚಾರಿಸಬೇಕು. ಬೇರೆ ದಾರಿ ಇಲ್ಲ.

ಒಂದು ಗಡಿ, ಎರಡು ಕಥೆ

ಸುಳ್ಳು ಮಾತ್ರವೇ ಸಮಸ್ಯೆ ಅಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಕರ್ನಾಟಕ ಗಡಿರಸ್ತೆಗಳನ್ನು ಮುಚ್ಚಿದಾಗ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಬಿದ್ದರು. ವಿವಾದ ಸುಪ್ರೀಂ ಕೋರ್ಟ್ ತನಕ ಹೋಯಿತು. ಆಗ ಮಲಯಾಳ ವಾಹಿನಿ ನೋಡಿದವರಿಗೆ ಆಂಬುಲೆನ್ಸ್ ತಡೆದ ಕಥೆ, ಕನ್ನಡ ವಾಹಿನಿ ನೋಡಿದವರಿಗೆ ಸೋಂಕು ಒಳಬರದಂತೆ ತಡೆದ ಕಥೆ. ಎರಡರಲ್ಲೂ ನಿಜ ಇತ್ತು, ಯಾವುದನ್ನು ಮುಂದಿಟ್ಟರು ಎಂಬುದರಲ್ಲಿ ವ್ಯತ್ಯಾಸ. ಮಾಧ್ಯಮದ ಬಗ್ಗೆ ತರಗತಿಯಲ್ಲಿ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಹೊರಗಿನಿಂದ ತರಬೇಕಾಗಿಲ್ಲ. ಮಕ್ಕಳ ಮನೆಯವರೇ ಅನುಭವಿಸಿದ್ದು.

ಆದರೆ ಇದನ್ನು ಕಲಿಸುವವರು ಯಾರು? ಕನ್ನಡ ಮಾಧ್ಯಮ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವ ಬಗ್ಗೆ ಗಡಿನಾಡಿನಲ್ಲಿ ಹೋರಾಟ ನಡೆದದ್ದು ಒಂದೆರಡು ಸಲವಲ್ಲ. ಲೆಕ್ಕವನ್ನಾದರೆ ಬೋರ್ಡಿನಲ್ಲಿ ಹೇಗೋ ಮಾಡಿ ತೋರಿಸಬಹುದು. ಕನ್ನಡದ ಸಂದೇಶವೊಂದರಲ್ಲಿ ಯಾವ ಶಬ್ದ ಹೆದರಿಸುತ್ತಿದೆ, ಯಾವುದು ಸರಕಾರಿ ಭಾಷೆಯಂತೆ ವೇಷ ಹಾಕಿದೆ ಎಂಬುದನ್ನು ಕನ್ನಡ ಓದಲು ಬಾರದವರು ತೋರಿಸುವುದೆಂತು? ಇಲ್ಲಿ ಭಾಷೆ ಬಾರದಿದ್ದರೆ ಪಾಠವೇ ಇಲ್ಲ.

ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಕೊಡುವುದರಲ್ಲಿ ಕೇರಳ ಹಿಂದೆ ಬಿದ್ದಿಲ್ಲ. 2020ರ ಅಕ್ಟೋಬರ್ ಹೊತ್ತಿಗೆ 16,027 ಶಾಲೆಗಳಿಗೆ 3.74 ಲಕ್ಷಕ್ಕೂ ಮಿಕ್ಕಿ ಉಪಕರಣ ಮುಟ್ಟಿತ್ತು. ಗಡಿಶಾಲೆಗಳಿಗೆ ಈಗ ಬೇಕಾದದ್ದು ದುಬಾರಿಯದ್ದಲ್ಲ. ಊರಿನಲ್ಲೇ ಓಡಾಡಿದ ಕನ್ನಡ, ತುಳು ಸಂದೇಶಗಳನ್ನು ಕೂಡಿಹಾಕಿ ಪಾಠಕ್ಕೆ ಬಳಸಿಕೊಳ್ಳಬೇಕು, ಐಸಿಟಿ ಲ್ಯಾಬಿನಲ್ಲಿ ಕನ್ನಡ ಬಲ್ಲ ಅಧ್ಯಾಪಕರು ಇರಬೇಕು. ಹೆತ್ತವರನ್ನೂ ಒಂದು ಸಂಜೆ ಕೂರಿಸಿದರೆ ಒಳ್ಳೆಯದು. ಮೊಬೈಲು ಇರುವುದು ಅವರ ಕೈಯಲ್ಲಿ. ‘ಮಾವ, ಇದು ಹೋದ ವರ್ಷದ್ದು’ ಎಂದು ಏಳನೆಯ ಕ್ಲಾಸಿನ ಹುಡುಗಿ ಹೇಳಿದಾಗ ಗದರಿಸದೆ ತಾರೀಕು ನೋಡಬೇಕಾದವರೂ ಅವರೇ.