ಕೊಳೆತ ಮಿದುಳು ಏನು ಹೇಳೀತು?

ಹುಮನಾಬಾದಿನ ಕಡೆ ಎಮ್ಮೆಯೊಂದು ಜೊಲ್ಲು ಸುರಿಸಿ, ತೂರಾಡಿ ಸತ್ತರೆ ‘ಹುಚ್ಚು ಹಸು ರೋಗ’ವೇ ಎಂದು ನೀವು ಕೇಳಬಹುದು. 1986ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಲಾದ ಆ ರೋಗ ಭಾರತದ ದನಗಳಲ್ಲಿ ಇದುವರೆಗೆ ಕಂಡುಬಂದಿಲ್ಲ. ನಮ್ಮಲ್ಲಿ ಮೊದಲು ಶಂಕಿಸಬೇಕಾದದ್ದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್.

ಎರಡಕ್ಕೂ ಖಚಿತ ಸಾಕ್ಷಿ ಮಿದುಳೇ. ಬಸವಕಲ್ಯಾಣದ ಬೇಸಿಗೆಯಲ್ಲಿ ಅದು ಬಹುಬೇಗ ಕೊಳೆಯುತ್ತದೆ. ಹುಚ್ಚು ಹಸು ರೋಗದಲ್ಲಿ ಮಿದುಳಿನ ಕಾಂಡದಲ್ಲಿ ಸ್ಪಂಜಿನಂಥ ತೂತುಗಳು ಬೀಳುತ್ತವೆ. ಕೊಳೆತಾಗಲೂ ತೂತುಗಳು ಕಾಣುವುದರಿಂದ ಸೂಕ್ಷ್ಮದರ್ಶಕವನ್ನು ನಂಬುವಂತಿಲ್ಲ. ಆದರೆ ರೋಗಕಾರಕ ಪ್ರಿಯಾನ್ ಪ್ರೋಟೀನು ಮಹಾ ಹಠಮಾರಿ. ಸಾಮಾನ್ಯ ಪ್ರೋಟೀನನ್ನು ಅರಗಿಸಿಬಿಡುವ ಕಿಣ್ವಕ್ಕೂ ಅದು ಪೂರ್ತಿ ಕರಗದು. ಉಳಿದುದನ್ನು ಪ್ರತಿಕಾಯಗಳಿಂದ ಪತ್ತೆ ಹಚ್ಚುತ್ತಾರೆ. ಸಿಕ್ಕರೆ ರೋಗವಿತ್ತು. ಸಿಗದಿದ್ದರೆ? ಕಾಂಡದ ಸರಿಯಾದ ಭಾಗವೇ ಗುರುತು ಸಿಗದಷ್ಟು ಕೊಳೆತಿದ್ದಲ್ಲಿ, ಇರಲಿಲ್ಲವೆನ್ನಲಾಗದು.

ರೇಬೀಸ್ ವೈರಾಣು ಅಷ್ಟು ಗಟ್ಟಿಯಲ್ಲ. ಹೊಳೆಯುವ ಪ್ರತಿಕಾಯಗಳ ಪರೀಕ್ಷೆಗೆ ತಾಜಾ ಮಿದುಳೇ ಬೇಕು. ಕೊಳೆತದ್ದರಲ್ಲಿ ಪಿ.ಸಿ.ಆರ್. ಪರೀಕ್ಷೆ ವೈರಾಣುವಿನ ತುಣುಕನ್ನು ಹಿಡಿದೀತು, ಹಿಡಿಯದೆಯೂ ಇದ್ದೀತು. ರೇಬೀಸ್ ಪ್ರಯೋಗಾಲಯವಿರುವ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಮಗೆ ದೂರ. ಮಾದರಿ ಮಂಜುಗಡ್ಡೆಯಲ್ಲೇ ಹೋಗಬೇಕು. ಆದ್ದರಿಂದ ಕೂಡಲೇ ಪಶುವೈದ್ಯರಿಗೆ ತಿಳಿಸಿ, ತಲೆಯನ್ನು ನೀವೇ ಒಡೆಯಬೇಡಿ.

ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ದನದ ಬಾಯಿಗೆ ಕೈ ಹಾಕಿದ್ದಿರಾ? ವರದಿಗೆ ಕಾಯಬೇಡಿ. ಸೋಪು ಹಚ್ಚಿ 15 ನಿಮಿಷ ಕೈ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.